ಬೆಲೆಯಕ್ಕ ಇಳಿಸಿದ ಹಣದುಬ್ಬರ

ಬೆಲೆಯಕ್ಕ ಮಾರುಕಟ್ಟೆಗೆ ಕಾಲಿಟ್ಟಳೆಂದರೆ ಅರ್ಧ ಅಂಗಡಿಯವರಿಗೆ ಇದ್ದಕ್ಕಿದ್ದಂತೆ ಒಳಗೇನೋ ಕೆಲಸ ನೆನಪಾಗುತ್ತಿತ್ತು. ಟೊಮೆಟೊ ಮಾರುವವಳು ಬಗ್ಗಿ ಬುಟ್ಟಿಯ ಅಡಿಯಲ್ಲಿ ಏನನ್ನೋ ಹುಡುಕತೊಡಗುತ್ತಿದ್ದಳು. ಪಾತ್ರೆ ಅಂಗಡಿಯವನು ಫೋನನ್ನು ಕಿವಿಗೆ ಒತ್ತಿಕೊಂಡು, ಆ ಕಡೆ ಯಾರೂ ಇಲ್ಲದಿದ್ದರೂ 'ಹೂಂ, ಹೂಂ' ಎನ್ನುತ್ತಿದ್ದ. ಬಟ್ಟೆ ಅಂಗಡಿಯವನಿಗೆ ಮಾತ್ರ ಮೈಭಾರ ಜಾಸ್ತಿ, ಗಲ್ಲಾ ಬಿಟ್ಟು ಬೇಗ ಏಳಲಾಗುತ್ತಿರಲಿಲ್ಲ. ಹೀಗಾಗಿ ಪ್ರತಿ ಸಲವೂ ಮೊದಲು ಸಿಕ್ಕಿಬೀಳುತ್ತಿದ್ದವನು ಅವನೇ.

ಅವಳೇನು ತೆರಿಗೆಯವಳಲ್ಲ, ತಕ್ಕಡಿ ತಪಾಸಣೆಯವಳೂ ಅಲ್ಲ. ಅಂಕಿಅಂಶ ಇಲಾಖೆಯಲ್ಲಿ ಬೆಲೆ ಬರೆದುಕೊಳ್ಳುವ ನೌಕರಿ. ತಿಂಗಳು ತಿಂಗಳೂ ಅದೇ ಅಂಗಡಿಗಳಿಗೆ ಹೋಗಿ, ಅದದೇ ಸಾಮಾನಿನ ಬೆಲೆ ವಿಚಾರಿಸಿ, ಇಲಾಖೆ ಕೊಟ್ಟ ಟ್ಯಾಬಿನಲ್ಲಿ ತುಂಬಬೇಕು. ಅಕ್ಕಿ, ಸೋಪು, ಚಪ್ಪಲಿ, ಕ್ಷೌರ, ಹಲ್ಲು ಕೀಳಿಸುವುದು, ಹೀಗೆ ಮನುಷ್ಯ ದುಡ್ಡು ಕೊಟ್ಟು ಪಡೆಯುವ ಎಲ್ಲ ಸುಖದುಃಖಗಳೂ ಅದರಲ್ಲಿದ್ದವು. ಇಂಥವರು ದೇಶದ ತುಂಬ ಇದ್ದಾರೆ. ಅವರೆಲ್ಲ ಬರೆದದ್ದನ್ನು ಕೂಡಿಸಿ ಭಾಗಿಸಿ, ಬೆಲೆಗಳು ಹೋದ ವರ್ಷಕ್ಕಿಂತ ಎಷ್ಟು ಏರಿವೆ ಎಂದು ಇಲಾಖೆ ಒಂದು ಅಂಕಿ ಹೇಳುತ್ತದೆ. ಹಣದುಬ್ಬರ ಅಂದರೆ ಅದೇ. ಅಂಕಿ ಮೇಲೆ ಹೋದರೆ ಕೇಂದ್ರ ಬ್ಯಾಂಕಿನವರು ಹುಬ್ಬು ಗಂಟಿಕ್ಕಿ ಬಡ್ಡಿ ಏರಿಸುತ್ತಾರೆ. ಕೆಳಗೆ ಬಂದರೆ ನಿಟ್ಟುಸಿರು ಬಿಟ್ಟು ಬಡ್ಡಿ ಇಳಿಸುತ್ತಾರೆ.

'ಗಿರಾಕಿಯು ನಿಜವಾಗಿ ತೆರುವ ಬೆಲೆಯನ್ನೇ ನಮೂದಿಸತಕ್ಕದ್ದು' ಎಂಬುದು ಇಲಾಖೆಯ ನಿಯಮ. ಬೇರೆಯವರು ಅಂಗಡಿಯವನು ಹೇಳಿದ್ದನ್ನೇ ಬರೆದುಕೊಂಡು ಹೋಗುತ್ತಿದ್ದರು. ಬೆಲೆಯಕ್ಕ ಹಾಗಲ್ಲ, ನಿಯಮ ಅಂದರೆ ನಿಯಮ. ಅಂಗಡಿಯವನು ಹೇಳುವುದು ಬೆಲೆಯಲ್ಲ, ಅದು ಅವನ ಆಸೆ ಎಂಬುದು ಅವಳ ಗಟ್ಟಿ ನಂಬಿಕೆ.

"ಹೇಳಿದ ಬೆಲೆಗೇ ಕೊಳ್ಳೋ ಗಿರಾಕಿ ಈ ಭೂಮಿ ಮೇಲೆ ಒಬ್ಬನೇ ಇರೋದು," ಎಂದು ಅವಳು ಆಫೀಸಿನಲ್ಲಿ ಹೇಳುತ್ತಿದ್ದಳು. "ಅವನನ್ನ ನಾನು ಮದುವೆ ಆಗಿದೀನಿ."

ಆದ್ದರಿಂದ ಅವಳು ಮೊದಲು ಚೌಕಾಸಿ ಮಾಡುತ್ತಿದ್ದಳು, ಆಮೇಲೆ ಬರೆದುಕೊಳ್ಳುತ್ತಿದ್ದಳು. ಬಟ್ಟೆ ಅಂಗಡಿಯವನು "ಮೀಟರಿಗೆ ನೂರಾ ಎಂಬತ್ತು" ಎಂದರೆ ಅವಳು "ಎಷ್ಟು?" ಎನ್ನುತ್ತಿದ್ದಳು. ಅಷ್ಟೇ. ಆದರೆ ಆ 'ಎಷ್ಟು'ವಿನಲ್ಲಿ ಎಂಥ ಆಘಾತವಿರುತ್ತಿತ್ತೆಂದರೆ, ಅವನಿಗೆ ತಾನೇನೋ ಕೆಟ್ಟ ಮಾತು ಆಡಿಬಿಟ್ಟೆನೆಂಬ ಭಾವನೆ ಬರುತ್ತಿತ್ತು. ಎರಡನೆಯ 'ಎಷ್ಟು'ವಿಗೆ ನೂರ ಐವತ್ತು. ಅವಳು ಬೆನ್ನು ತಿರುಗಿಸಿ ಹೊಸ್ತಿಲು ದಾಟಿದರೆ ನೂರ ಮೂವತ್ತು. ಕೊನೆಗೆ ಅವನು ಹಣೆ ಒರೆಸಿಕೊಳ್ಳುತ್ತ "ನೂರಾ ಹತ್ತು ಮಾಡ್ಕೊಳಿ ಅಕ್ಕಾ, ಹೋಗ್ಲಿ" ಎಂದಾಗ ಅವಳು ಟ್ಯಾಬಿನಲ್ಲಿ ಅಂಕಿ ಒತ್ತಿ, "ಸರಿ, ಬರ್ಕೊಂಡೆ" ಎಂದು ಏನನ್ನೂ ಕೊಳ್ಳದೆ ಹೊರಟುಬಿಡುತ್ತಿದ್ದಳು. ಹಲ್ಲಿನ ಡಾಕ್ಟರ ಹತ್ತಿರವೂ ಹಾಗೇ, "ಎರಡು ಕೀಳಿಸಿದ್ರೆ ಎಷ್ಟಕ್ಕೆ ಬಿಡ್ತೀರಿ?" ಎಂದು ಕೇಳಿದವಳು. ಪಾಪ, ಆ ಡಾಕ್ಟರು ಮೂರನೆಯದನ್ನು ಬಿಟ್ಟಿಯಾಗಿ ಕಿತ್ತುಕೊಡುವ ಮಟ್ಟಕ್ಕೆ ಬಂದಿದ್ದರು.

ಈ ವಿದ್ಯೆ ಅವಳಿಗೆ ಬಂದದ್ದು ಅತ್ತೆಯಿಂದ. ಅತ್ತೆ ಒಂದು ದೊಡ್ಡ ಕಂಪನಿಯ ಟೆಲಿಫೋನ್ ಬೋರ್ಡಿನಲ್ಲಿ ಆಪರೇಟರ್ ಆಗಿದ್ದವರು. ಇಬ್ಬರು ಮಾತಾಡುತ್ತಿದ್ದರೆ ನಡುವೆ ಇರುವುದೇ ತಮ್ಮ ವೃತ್ತಿಧರ್ಮ ಎಂದು ತಿಳಿದವರು. ಮದುವೆಯಾದ ಹೊಸತರಲ್ಲಿ ಅತ್ತೆ, ಸೊಸೆ, ಮಗ ಮೂವರೂ ಒಂದೇ ಮನೆಯಲ್ಲಿದ್ದರು. ಫ್ಯಾನು ಎರಡರಲ್ಲಿರಬೇಕೋ ಮೂರರಲ್ಲಿರಬೇಕೋ, ಕಿಟಕಿ ಎಷ್ಟು ತೆರೆದಿರಬೇಕು, ಒದ್ದೆ ಟವೆಲು ಎಲ್ಲಿ ಒಣಗಬೇಕು, ಎಲ್ಲಕ್ಕೂ ಇಬ್ಬರೂ ಚೌಕಾಸಿಗೆ ಕೂರುತ್ತಿದ್ದರು. ಒಂದು ಕುರ್ಚಿ ಅತ್ತಿತ್ತ ಮಾಡುವುದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಕೊನೆಗೆ ಅತ್ತೆಯೇ, "ಹೀಗೇ ಇದ್ರೆ ನನ್ನ ಮಗ ಸನ್ಯಾಸಿ ಆಗ್ತಾನೆ" ಎಂದು ಎರಡು ಬೀದಿ ಆಚೆ, ಹಿಟ್ಟಿನ ಗಿರಣಿಯ ಮಹಡಿ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದರು. ನಿವೃತ್ತಿಯಾದಾಗ ಬಂದ ಗಂಟನ್ನು ಬ್ಯಾಂಕಿನಲ್ಲಿ ಐದು ವರ್ಷದ ಠೇವಣಿ ಇಟ್ಟರು. ತಿಂಗಳ ಬಡ್ಡಿಯಲ್ಲಿ ಬಾಡಿಗೆ, ಔಷಧ, ವಾರಕ್ಕೊಂದು ಸಿನಿಮಾ. ಅಂದಿನಿಂದ ಅತ್ತೆ ಸೊಸೆ ಇಬ್ಬರಲ್ಲೂ ಅದೇನು ಪ್ರೀತಿ! ಭಾನುವಾರ ಇಬ್ಬರೂ ತೋಳಿಗೆ ತೋಳು ಕೊಟ್ಟು ಮಾರುಕಟ್ಟೆಗೆ ಹೋದರೆ ವ್ಯಾಪಾರಿಗಳು ತುರ್ತು ಪರಿಸ್ಥಿತಿ ಘೋಷಿಸುವುದೊಂದು ಬಾಕಿ. ಸೊಸೆಗೆ ಸರ್ಕಾರದ ಯಾವುದೋ ಆಫೀಸಿನಲ್ಲಿ ಬರೆಯುವ ಕೆಲಸ ಎಂಬುದಕ್ಕಿಂತ ಹೆಚ್ಚು ಅತ್ತೆಗೆ ಗೊತ್ತಿರಲಿಲ್ಲ. ಆ ಎರಡು ಬೀದಿಯ ಅಂತರವನ್ನು ಮಾತ್ರ ಬೆಲೆಯಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು.

ಇಷ್ಟರಲ್ಲಿ ಇಲಾಖೆಯ ಸಾಹೇಬರ ಕಣ್ಣು ಅವಳ ಮೇಲೆ ಬಿತ್ತು. ಇಡೀ ರಾಜಧಾನಿಯಲ್ಲಿ ಇವಳ ಮಾರುಕಟ್ಟೆಯ ಬೆಲೆ ಮಾತ್ರ ಕಡಿಮೆ. ಬೇರೆ ಯಾರಾದರೂ ಆಗಿದ್ದರೆ ಇದರಲ್ಲೇನೋ ಎಡವಟ್ಟಿದೆ ಎಂದು ಅನುಮಾನಪಡುತ್ತಿದ್ದರು. ಸಾಹೇಬರು ಮೃದು ಸ್ವಭಾವದವರು, ಮೇಲಿನವರಿಗೆ ಸಿಹಿ ಸುದ್ದಿ ಕೊಡುವುದರಲ್ಲಿ ಸುಖ ಕಂಡವರು.

"ಮೇಡಂ, ನಿಮ್ಮ ವಿಧಾನ ಎಲ್ರಿಗೂ ಕಲಿಸಬೇಕು," ಎಂದರು.

ಕಲಿಸಿದಳು. ಇಲಾಖೆಯ ಸಭಾಂಗಣದಲ್ಲಿ ರಾಜಧಾನಿಯ ಅಷ್ಟೂ ಬೆಲೆ ಬರೆಯುವವರನ್ನು ಕೂರಿಸಿ, ಅರ್ಧ ಜನರನ್ನು ಅಂಗಡಿಯವರನ್ನಾಗಿ, ಅರ್ಧ ಜನರನ್ನು ಗಿರಾಕಿಗಳನ್ನಾಗಿ ಮಾಡಿ ತಾಲೀಮು ಮಾಡಿಸಿದಳು. ಮೊದಲ ಪಾಠ 'ಎಷ್ಟು?'. ಎರಡನೆಯದು ಬೆನ್ನು ತಿರುಗಿಸುವುದು. ಮೂರನೆಯದು 'ಪಕ್ಕದ ಅಂಗಡೀಲಿ ಕಮ್ಮಿ ಇದೆ' ಎಂದು ಕಣ್ಣು ಮಿಟುಕಿಸದೆ ಹೇಳುವುದು. ರಾಜಧಾನಿ ಮುಗಿದ ಮೇಲೆ ಬೇರೆ ಊರುಗಳು. ಪ್ರತಿ ತಿಂಗಳೂ ಹೊಸದೊಂದು ತಂಡ ತಯಾರಾಗಿ ಮಾರುಕಟ್ಟೆಗೆ ಇಳಿಯಿತು, ಪ್ರತಿ ತಿಂಗಳೂ ದೇಶದ ಹಣದುಬ್ಬರ ಕೆಳಗಿಳಿಯಿತು. ಹಣಕಾಸು ಮಂತ್ರಿಗಳು ಟೀವಿಯಲ್ಲಿ ಎದೆಯುಬ್ಬಿಸಿ ಇದು ತಮ್ಮ ನೀತಿಯ ಫಲ ಎಂದರು. ಬೆಲೆಯಕ್ಕ ಟೀವಿ ಮುಂದೆ ಕಾಲು ಚಾಚಿ ಕೂತು, "ಇದು ನನ್ನ ಬಾಯಿಯ ಫಲ" ಎಂದು ಗಂಡನಿಗೆ ಕಣ್ಣು ಹೊಡೆದಳು.

ಬೆಲೆ ಏರುತ್ತಿಲ್ಲವಲ್ಲ ಎಂದು ಕೇಂದ್ರ ಬ್ಯಾಂಕು ಬಡ್ಡಿ ಇಳಿಸಿತು. ಸ್ವಲ್ಪ ದಿನ ಬಿಟ್ಟು ಮತ್ತೆ ಇಳಿಸಿತು. ಸಾಲ ಸುಲಭವಾಯಿತು, ಜನ ಬೈಕು ಕೊಂಡರು, ಫ್ರಿಜ್ಜು ಕೊಂಡರು. ಬೆಲೆಯಕ್ಕ ಮತ್ತು ಗಂಡ ಮೂರನೇ ಮಹಡಿಯಲ್ಲಿ ಸಾಲ ಮಾಡಿ ಕೊಂಡಿದ್ದ ಎರಡು ಕೋಣೆಯ ಮನೆಯ ತಿಂಗಳ ಕಂತೂ ಇಳಿಯಿತು. ಅವಳು ಖುಷಿಗೆ ಕಿಟಕಿಗೆಲ್ಲ ಹೊಸ ಪರದೆ ಹಾಕಿಸಿದಳು. ತಾನು ಮಾರುಕಟ್ಟೆಯಲ್ಲಿ ಜಗಳ ಆಡಿದ್ದಕ್ಕೆ ಬ್ಯಾಂಕು ತನ್ನ ಮನೆಯ ಕಂತು ಇಳಿಸುತ್ತದೆಯೆಂದರೆ ಇದಕ್ಕಿಂತ ಸೊಗಸಾದ ನೌಕರಿ ಬೇರೆ ಇದೆಯೇ?

ಆದರೆ ಮಾರುಕಟ್ಟೆಯಲ್ಲಿ ಬೇರೆಯದೇ ಆಟ ಶುರುವಾಗಿತ್ತು. ಈರುಳ್ಳಿ ಇಷ್ಟು ಅಗ್ಗವಿದ್ದರೆ ಹೊರದೇಶಕ್ಕೆ ಮಾರೋಣ ಎಂದು ವಾಣಿಜ್ಯ ಮಂತ್ರಾಲಯದವರು ಬಂದರಿನ ಬಾಗಿಲು ತೆಗೆದರು. ಈರುಳ್ಳಿ ಹಡಗು ಹತ್ತಿತು, ಇಲ್ಲಿ ಉಳಿದದ್ದಕ್ಕೆ ರೆಕ್ಕೆ ಬಂತು. ಅಗ್ಗದ ಸಾಲದಲ್ಲಿ ಜನ ಹೊರಗಿನ ಸಾಮಾನು ಮೇಲೆ ಬಿದ್ದು ಕೊಂಡದ್ದರಿಂದ ದೇಶದ ನಾಣ್ಯ ಸೊರಗಿತು. ಅದು ಸೊರಗಿದ್ದಕ್ಕೆ ಹೊರಗಿಂದ ಬರುವ ಅಡುಗೆ ಎಣ್ಣೆ ತುಟ್ಟಿಯಾಯಿತು. ಬೆಲೆಗಳು ನಿಜಕ್ಕೂ ಏರುತ್ತಿದ್ದವು. ಏರಿದಷ್ಟೂ ಇಲಾಖೆಯವರು ಹೆಚ್ಚು ಉತ್ಸಾಹದಿಂದ ಚೌಕಾಸಿ ಮಾಡಿ ಇಳಿಸಿ ಬರೆಯುತ್ತಿದ್ದರು.

"ನೀನು ಬರ್ಕೊಂಡಿರೋ ಮೂವತ್ತೈದಕ್ಕೆ ಈರುಳ್ಳಿ ಎಲ್ಲೇ ಸಿಗುತ್ತೆ?" ಎಂದು ಗಂಡ ಒಂದು ದಿನ ಕೇಳಿದ. ಅವನು ಲಿಫ್ಟ್ ರಿಪೇರಿಯವನು, ಏರಿಳಿತದ ವಿಷಯದಲ್ಲಿ ಸ್ವಲ್ಪ ತಿಳಿದವನು. "ನಮ್ಮ ವರ್ಕ್‌ಶಾಪಲ್ಲಿ ಎಲ್ರೂ ಅರವತ್ತು ಅಂತಾರೆ."

"ನಂಗೆ ಸಿಗುತ್ತೆ," ಎಂದಳು ಬೆಲೆಯಕ್ಕ. ಅಲ್ಲಿಗೆ ಮಾತು ಮುಗಿಯಿತು.

ಅದಾದ ಮೇಲಿನ ಭಾನುವಾರ ಅತ್ತೆ ಬಂದರು. ಯಾವತ್ತಿನಂತೆ ಚೀಲ ಹಿಡಿದು ಮಾರುಕಟ್ಟೆಗೆ ಹೊರಡುವ ಉಮೇದಿನಲ್ಲಿರಲಿಲ್ಲ. ಚಪ್ಪಲಿ ಬಿಟ್ಟವರೇ ನಡುಮನೆಯಲ್ಲಿ ಗೋಡೆಯುದ್ದಕ್ಕೂ ಗೇಣು ಹಾಕುತ್ತ ನಡೆದರು. ಮೂಲೆಗೆ ಹೋಗಿ ನಿಂತು ಅಂದರು:

"ಟೀವಿ ಆ ಕಡೆ ಹಾಕಿದ್ರೆ ನನ್ನ ಮಂಚ ಇಲ್ಲಿ ಹಿಡಿಯುತ್ತೆ."

ಬೆಲೆಯಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಮಂಚ? ಯಾಕತ್ತೆ?"

"ಯಾಕೆ ಅಂದ್ರೆ, ನನ್ನ ಐದು ವರ್ಷ ಮುಗೀತಾ ಬಂತು. ಠೇವಣಿ ಮತ್ತೆ ಇಡಬೇಕು. ಬ್ಯಾಂಕಲ್ಲಿ ಕೇಳ್ದೆ. ಈಗಿರೋ ಬಡ್ಡಿಗೆ ಇಟ್ರೆ ಬಾಡಿಗೆಗೆ ಸಾಕು, ಔಷಧಿಗಿಲ್ಲ. ಮುಂದಿನ ತಿಂಗಳು ಮತ್ತೆ ಇಳಿಸ್ತಾರಂತೆ. ಆಗ ಇಟ್ರೆ ಔಷಧಿಗೂ ಇಲ್ಲ, ಬಾಡಿಗೆಗೂ ಇಲ್ಲ. ಐದು ವರ್ಷ ಅದೇ ಗತಿ." ಅತ್ತೆ ಕುರ್ಚಿಗೆ ಕುಸಿದರು. "ಬೆಲೆ ಎಲ್ಲ ಇಳಿದಿದೆಯಂತಲ್ಲ, ಅದಕ್ಕೆ ಬಡ್ಡಿ ಯಾಕೆ ಬೇಕು ಅಂತಾರಂತೆ. ಯಾವ ಮನೆಹಾಳ ಹೋಗಿ ನೋಡ್ಕೊಂಡು ಬಂದನೋ ಬೆಲೆ ಇಳಿದಿದೆ ಅಂತ! ಅವನ ಕೈಗೆ ಹುಳ ಬೀಳ! ಸಿಕ್ಕಿದ್ರೆ ಅರವತ್ತರ ಈರುಳ್ಳಿ ಬಾಯಿಗೆ ತುರುಕ್ತಿದ್ದೆ."

ಗಂಡ ಹೆಂಡತಿಯನ್ನು ನೋಡಿದ. ಹೆಂಡತಿ ಹೊಸ ಪರದೆಯನ್ನು ನೋಡಿದಳು.

"ನೀನೇನೂ ಯೋಚನೆ ಮಾಡ್ಬೇಡ," ಎಂದರು ಅತ್ತೆ, ಸೊಸೆಯ ಮೌನವನ್ನು ತಪ್ಪಾಗಿ ತಿಳಿದು. ಅವರ ದನಿಯಲ್ಲಿ ಎಂದೂ ಇಲ್ಲದ ಒಂದು ನಯ ಇತ್ತು. "ನಾನು ಮಾತೇ ಆಡಲ್ಲ. ಫ್ಯಾನು ನಿನಗೆ ಬೇಕಾದಷ್ಟರಲ್ಲಿ ಇಟ್ಕೋ."

ಆ ಮಾತು ಕೇಳಿ ಬೆಲೆಯಕ್ಕನಿಗೆ ನಿಜವಾಗಿ ಭಯವಾಯಿತು. ಅತ್ತೆ ಮನೆಗೆ ಬಂದು ಜಗಳ ಆಡುತ್ತಾರೆಂಬ ಭಯ ಅವಳಿಗೆ ಹಳೆಯದು, ಅದಕ್ಕೆ ಮದ್ದು ಗೊತ್ತಿತ್ತು. ಚೌಕಾಸಿಯನ್ನೇ ಬಿಟ್ಟು ಮೂಲೆ ಹಿಡಿಯುವ ಅತ್ತೆಯನ್ನು ಅವಳು ಊಹಿಸಿಯೂ ಇರಲಿಲ್ಲ.

ಅತ್ತೆ ಹೋದ ಮೇಲೆ ಗಂಡ ನಿಧಾನವಾಗಿ ಹೇಳಿದ, "ಅಮ್ಮ ಬೈದಿದ್ದು..."

"ಗೊತ್ತು ರೀ. ಕೈಗೆ ಹುಳ ಬೀಳೋದು ನಂಗೇ."

"ಈಗ ಬೆಲೆ ಸರಿಯಾಗಿ ಬರೆದ್ರೆ ಬಡ್ಡಿ ಏರುತ್ತಾ?"

"ಏರಲೇಬೇಕು."

"ನಮ್ಮ ಕಂತು?"

"ಅದೂ ಏರುತ್ತೆ. ಒಂದೇ ಹಗ್ಗ ರೀ, ಆ ತುದೀಲಿ ಅತ್ತೆ, ಈ ತುದೀಲಿ ನಾವು." ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಕಂತು ಏರಿದರೆ ತಿಂಗಳ ಕೊನೆಗೆ ಕೈ ಕಚ್ಚುತ್ತದೆ. ಏರದಿದ್ದರೆ ಅತ್ತೆಯ ಮಂಚ ನಡುಮನೆಗೆ ಬರುತ್ತದೆ. ಸತ್ಯದ ಪರವಾಗಿ ನಿಲ್ಲಬೇಕೆಂದು ಅವಳಿಗೆ ಅನ್ನಿಸಿತು. ಆ ಅನ್ನಿಸುವಿಕೆಯಲ್ಲಿ ಮಂಚದ ಪಾಲು ಎಷ್ಟು ಎಂದು ಕೇಳುವುದು ನಮ್ಮ ದೊಡ್ಡತನವಲ್ಲ.

ಮಾರನೇ ದಿನ ಬೆಲೆಯಕ್ಕ ಬಾಯಿಗೆ ಬೀಗ ಹಾಕಿಕೊಂಡು ಮಾರುಕಟ್ಟೆಗೆ ಹೋದಳು. ಇವತ್ತು ಕೇಳುವುದು, ಹೇಳಿದ್ದನ್ನು ಬರೆದುಕೊಳ್ಳುವುದು, ಅಷ್ಟೇ. ಬಟ್ಟೆ ಅಂಗಡಿಯವನು ಅವಳನ್ನು ನೋಡಿದ ಕೂಡಲೇ ಕೈ ಮುಗಿದ.

"ಮೀಟರಿಗೆ ಎಷ್ಟು?"

"ನೂರಾ ಹತ್ತು."

"ಅಲ್ಲಪ್ಪಾ, ಮೊದಲಿನ ಬೆಲೆ ಹೇಳು. ಬೇರೆಯವರಿಗೆ ಹೇಳೋದು."

"ನಿಮಗೆ ಯಾಕಕ್ಕಾ ಸುತ್ತುಬಳಸು? ಕೊನೇಗೆ ಬರೋದು ಅಲ್ಲಿಗೇ ಅಲ್ವಾ? ಟೈಮ್ ಉಳೀಲಿ."

ಅವಳು ತುಟಿ ಪಿಟಕ್ಕೆನ್ನದೆ ನಿಂತಳು. ಅವಳು ಸುಮ್ಮನಿದ್ದದ್ದು ಅವನಿಗೆ 'ಎಷ್ಟು?' ಎಂದದ್ದಕ್ಕಿಂತ ಭಯಂಕರವಾಗಿ ಕಂಡಿತು. "ನೂರು," ಎಂದ. ಅವಳು ಹಣೆಗೆ ಕೈ ಹಚ್ಚಿಕೊಂಡಳು. "ತೊಂಬತ್ತೈದು! ಇದಕ್ಕಿಂತ ಇಳಿದ್ರೆ ನಾನು ಬೀದಿಗೆ ಬರ್ತೀನಿ ಅಕ್ಕಾ!"

ಟೊಮೆಟೊದವಳ ಹತ್ತಿರವೂ ಅದೇ ಕಥೆ. ಬೆಲೆಯಕ್ಕ ಮೊದಲ ಬೆಲೆಗೇ "ಆಯ್ತು" ಎಂದದ್ದಕ್ಕೆ ಅವಳು ಗಾಬರಿಯಾಗಿ, "ಯಾಕಕ್ಕಾ, ಹುಷಾರಿಲ್ವಾ? ಮನೇಲಿ ಎಲ್ಲ ಚೆನ್ನಾಗಿದಾರಾ?" ಎಂದು ಕೇಳಿ, ಬೆಲೆ ಇಳಿಸಿ, ಮೇಲೊಂದು ಹಿಡಿ ಕೊಸರು ಹಾಕಿದಳು. ಆ ದಿನ ಟ್ಯಾಬು ಸೇರಿದ ಅಂಕಿಗಳು ಹೋದ ತಿಂಗಳಿಗಿಂತಲೂ ಕೆಳಗಿದ್ದವು. ಹೀಗೇ ಹೋದರೆ ಕೇಂದ್ರ ಬ್ಯಾಂಕು ಬಡ್ಡಿಯನ್ನು ಪೂರ್ತಿ ತೆಗೆದು ಕೈ ತೊಳೆದುಕೊಳ್ಳುವುದೇ ಸೈ. ಬೆಲೆಯಕ್ಕ ಅಷ್ಟನ್ನೂ ಅಳಿಸಿದಳು.

ಅದರ ಮರುದಿನ ಅವಳು ಗಂಡನ ರೇನ್‌ಕೋಟು ತೊಟ್ಟು, ಹೆಲ್ಮೆಟ್ಟು ಹಾಕಿ, ಗಾಜು ಇಳಿಸಿಕೊಂಡು ಹೋದಳು. ಮಳೆಯ ಸುಳಿವೇ ಇಲ್ಲದ ಉರಿಬಿಸಿಲು. ಪಾತ್ರೆ ಅಂಗಡಿಯ ಮುಂದೆ ನಿಂತು, ದನಿ ದಪ್ಪ ಮಾಡಿ, "ಈ ಬಾಣಲೆ ಎಷ್ಟು?" ಎಂದಳು.

"ಅಕ್ಕಾ," ಎಂದ ಪಾತ್ರೆಯವನು, ನೊಂದ ದನಿಯಲ್ಲಿ. "ಆ 'ಎಷ್ಟು' ನಂಗೆ ಕನಸಲ್ಲೂ ಕೇಳುತ್ತೆ. ಹೆಲ್ಮೆಟ್ ತೆಗೀರಿ, ಸೆಕೆ."

ಬೆವರು ಒರೆಸಿಕೊಂಡು ಮನೆಗೆ ಬಂದವಳು ಸೋಫಾದ ಮೇಲೆ ಬಿದ್ದಳು. ಬೆಲೆ ತುಂಬಿಸಲು ಉಳಿದಿದ್ದು ಇನ್ನೊಂದೇ ವಾರ. ಗಂಡ ನೀರು ತಂದುಕೊಟ್ಟ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ, ಮದುವೆಯಾದಾಗಲೂ ನೋಡಿರದಷ್ಟು ಆಸೆಯಿಂದ ನೋಡಿದಳು.

"ರೀ, ನಾಳೆ ನೀವು ಮಾರ್ಕೆಟ್‌ಗೆ ಹೋಗ್ತೀರಾ?"

ಅವನಿಗೆ ನಂಬಲಾಗಲಿಲ್ಲ. ಹಿಂದೊಮ್ಮೆ ಕೊಳೆತ ಸೌತೆಕಾಯಿಗೆ ಕೇಳಿದಷ್ಟು ಕೊಟ್ಟು, ಮೇಲೆ ಥ್ಯಾಂಕ್ಸ್ ಹೇಳಿ ಬಂದ ಮೇಲೆ ಅವನಿಗೆ ಸಂತೆಚೀಲ ಮುಟ್ಟಲು ಅನುಮತಿಯಿರಲಿಲ್ಲ. "ನಿಜವಾಗ್ಲೂ?" ಎಂದ. "ನಾನೇ ಕೊಳ್ಬಹುದಾ?"

"ನೀವೇ. ಏನು ಕೇಳ್ತಾರೋ ಅಷ್ಟು ಕೊಡಿ. ಯಾರೂ ನಿಮ್ಮನ್ನ ಬೈಯಲ್ಲ."

ಅವನು ಹೊಸ ಅಂಗಿ ಹಾಕಿಕೊಂಡು ಹೋದ. ಬೆಲೆಯಕ್ಕ ಎದುರಿನ ಟೀ ಅಂಗಡಿಯ ಮೂಲೆಯಲ್ಲಿ ಕೂತು ಕತ್ತು ಚಾಚಿ ನೋಡಿದಳು. ಅವನು ಈರುಳ್ಳಿಗೆ ಅರವತ್ತೈದು ಕೊಟ್ಟ. ಟೊಮೆಟೊದವಳು ಕಾಲು ನೋವು ಎಂದದ್ದಕ್ಕೆ ಐದು ಹೆಚ್ಚಿಗೆ ಕೊಟ್ಟ, ಮುಲಾಮಿನ ಹೆಸರೂ ಹೇಳಿದ. ಪಾತ್ರೆ ಅಂಗಡಿಯವನು ಇವನನ್ನು ಕಂಡು ಸ್ಟೂಲು ಹಾಕಿ ಕೂರಿಸಿದ. ಬೆಲೆಯಕ್ಕ ಎರಡು ಸಲ ಎದ್ದು ಓಡಲು ಹೊರಟವಳು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆದರೆ ಅಲ್ಲಿ ಕೂತಲ್ಲೇ ಅವಳಿಗೆ ಬೇರೇನೋ ಕಣ್ಣಿಗೆ ಬಿತ್ತು. ಗಂಡನ ಹಿಂದೆ ಮುಂದೆ ಬರುತ್ತಿದ್ದ ಜನ ಅವನಂತೆಯೂ ಕೊಳ್ಳುತ್ತಿರಲಿಲ್ಲ, ಅವಳಂತೆಯೂ ಕೊಳ್ಳುತ್ತಿರಲಿಲ್ಲ. ಮಗುವನ್ನು ಸೊಂಟದಲ್ಲಿ ಹೊತ್ತವಳೊಬ್ಬಳು "ಸ್ವಲ್ಪ ನೋಡಿ ಹಾಕಪ್ಪಾ" ಎಂದು ಒಮ್ಮೆ ಅಂದಳು, ಎರಡು ಇಳಿಸಿಕೊಂಡಳು, ಹೋದಳು. ಡ್ಯೂಟಿ ಮುಗಿಸಿ ಬಂದ ನರ್ಸೊಬ್ಬಳಿಗೆ ಅಷ್ಟು ಹೇಳಲೂ ತ್ರಾಣವಿರಲಿಲ್ಲ. ಮುದುಕರೊಬ್ಬರು ಬೆಲೆ ಕೇಳಿ, ಕೈಗೆತ್ತಿಕೊಂಡ ಈರುಳ್ಳಿಯಲ್ಲಿ ಅರ್ಧವನ್ನು ಸದ್ದಿಲ್ಲದೆ ವಾಪಸು ಬುಟ್ಟಿಗೆ ಹಾಕಿದರು. ಮುದುಕರ ಕೈ ಹಿಂದೆ ಹೋದದ್ದನ್ನು ನೋಡಿ ಬೆಲೆಯಕ್ಕನ ಮುಖ ಬಿಸಿಯಾಯಿತು. ಇಷ್ಟು ವರ್ಷ ಅವಳು ಬರೆದ ಬೆಲೆಗೆ ಈ ಮಾರುಕಟ್ಟೆಯಲ್ಲಿ ಕೊಳ್ಳಬಲ್ಲವರು ಇಬ್ಬರೇ ಇದ್ದರು, ಅವಳು ಮತ್ತು ಅವಳ ಅತ್ತೆ. ನಾಚಿಕೆಯೆಂಬುದು ಅವಳಿಗೆ ಹೊಸ ಸಾಮಾನು, ಇಟ್ಟುಕೊಳ್ಳಲು ಜಾಗ ಗೊತ್ತಾಗಲಿಲ್ಲ.

ವಾರವಿಡೀ ಅವಳು ಟೀ ಅಂಗಡಿಯಲ್ಲಿ ಕೂತು ಕಂಡವರು ಕೊಟ್ಟದ್ದನ್ನೇ ಬರೆದಳು. ಸಂಜೆ ಬೇರೆ ಮಾರುಕಟ್ಟೆಗಳ, ಬೇರೆ ಊರುಗಳ ಬೆಲೆ ಬರೆಯುವವರಿಗೆಲ್ಲ ಫೋನು ಮಾಡಿ, "ನಾನು ಕಲಿಸಿದ್ದು ತಪ್ಪು, ಎಲ್ಲ ಮರೆತುಬಿಡಿ, ಸುಮ್ನೆ ಕೂತು ನೋಡಿ" ಎಂದಳು. "ಮೇಡಂ, ಈಗ ತಾನೇ ನಂಗೆ ಬೆನ್ನು ತಿರುಗಿಸೋದು ಸರಿಯಾಗಿ ಬರ್ತಿತ್ತು" ಎಂದು ಒಬ್ಬ ಅಳುಮುಖ ಮಾಡಿದ.

ಎಲ್ಲ ಕೂಡಿದ ಮೇಲೆ ಬಂದ ಅಂಕಿ ನೋಡಿ ಸಾಹೇಬರು ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಏನ್ ಮೇಡಂ ಇದು? ಹೋದ ತಿಂಗಳು ಎರಡು ಪರ್ಸೆಂಟು, ಈ ತಿಂಗಳು ಒಂಬತ್ತು! ದೇಶಕ್ಕೆ ಒಂದೇ ರಾತ್ರೀಲಿ ಜ್ವರ ಬಂತಾ?"

"ಜ್ವರ ಆಗಲೇ ಇತ್ತು ಸಾರ್. ನಾವು ಥರ್ಮಾಮೀಟರ್ ಹತ್ರ ಚೌಕಾಸಿ ಮಾಡ್ತಿದ್ವಿ. ತಪ್ಪು ನಂದು, ಬರೆದುಕೊಡ್ತೀನಿ."

"ತಪ್ಪು ಯಾರದಾದ್ರೂ ಇರಲಿ, ಒಂಬತ್ತು ಕಳಿಸೋಕಾಗಲ್ಲ. ಮಂತ್ರಿಗಳು ಟೀವೀಲಿ ಹೇಳಿಬಿಟ್ಟಿದಾರೆ." ಸಾಹೇಬರು ದನಿ ತಗ್ಗಿಸಿದರು. "ಒಂದು ಕೆಲಸ ಮಾಡೋಣ. ಈ ತಿಂಗಳು ನಾಲ್ಕು ಅಂತ ಹಾಕೋಣ. ಆಮೇಲೆ ನಿಧಾನಕ್ಕೆ ಏರಿಸ್ಕೊಂಡು ಹೋದ್ರಾಯ್ತು."

"ಒಂಬತ್ತು, ಸಾರ್."

"ಐದು."

"ಒಂಬತ್ತು."

"ಅಯ್ಯೋ, ನೀವೂ ಬಿಟ್ಟುಕೊಡಿ, ನಾನೂ ಬಿಟ್ಟುಕೊಡ್ತೀನಿ. ಆರೂವರೆ. ನಿಮ್ಮದೂ ಬೇಡ, ನಂದೂ ಬೇಡ." ಸಾಹೇಬರು ತಮಗೇ ಗೊತ್ತಿಲ್ಲದೆ ಅವಳು ಕಲಿಸಿದ ಪಾಠಗಳನ್ನೆಲ್ಲ ಒಂದೊಂದಾಗಿ ಪ್ರಯೋಗಿಸಿದರು. "ಒಂಬತ್ತಾ?" ಎಂದು ಬೆಚ್ಚಿಬಿದ್ದರು. ಕುರ್ಚಿ ತಿರುಗಿಸಿ ಬೆನ್ನು ತೋರಿಸಿದರು. ಪಕ್ಕದ ದೇಶದಲ್ಲಿ ಬರೀ ಮೂರು ಇದೆ ಎಂದೂ ಹೇಳಿದರು.

ಬೆಲೆಯಕ್ಕ ಜೀವನದಲ್ಲಿ ಮೊಟ್ಟಮೊದಲ ಸಲ ಗಲ್ಲಾದ ಆ ಕಡೆ ನಿಂತಿದ್ದಳು. ಬಟ್ಟೆ ಅಂಗಡಿಯವನ ಸಂಕಟ ಏನೆಂದು ಅವಳಿಗೆ ಈಗ ತಿಳಿಯಿತು.

"ಸಾರ್, ಇದು ಫಿಕ್ಸೆಡ್ ರೇಟು," ಎಂದಳು. "ಒಂದು ಚೂರೂ ಕಮ್ಮಿ ಇಲ್ಲ. ಇನ್ನೊಂದು ಮಾತು. ನಮ್ಮ ತುಟ್ಟಿಭತ್ಯೆ ನಿಲ್ಲೋದು ಇದೇ ಅಂಕಿ ಮೇಲೆ. ಎರಡು ವರ್ಷದಿಂದ ಅದು ಅಲ್ಲಾಡಿಲ್ಲ. ಹೊರಗೆ ಇಷ್ಟು ಜನ ಕೂತಿದಾರಲ್ಲ, ಅವರಿಗೆ ಯಾಕೆ ಅಲ್ಲಾಡಿಲ್ಲ ಅಂತ ನಾನು ಹೇಳ್ಲಾ, ನೀವು ಹೇಳ್ತೀರಾ?"

ಸಾಹೇಬರು ಗಾಜಿನಾಚೆ ನೋಡಿದರು. ಇಲಾಖೆಯ ಅಷ್ಟೂ ಮಂದಿ ಫೈಲು ಹಿಡಿದು ಈ ಕಡೆಗೇ ನೋಡುತ್ತಿದ್ದರು. ತಮ್ಮ ಸಂಬಳಕ್ಕೂ ತುಟ್ಟಿಭತ್ಯೆ ಸೇರುತ್ತದೆಂಬುದು ಸಾಹೇಬರಿಗೆ ಆಗ ಹೊಳೆಯಿತು. ಒಂಬತ್ತು ಹಾಗೇ ಮೇಲಿನವರಿಗೆ ಹೋಯಿತು. ಅದರ ಬೆನ್ನಿಗೇ ಬೆಲೆಯಕ್ಕನನ್ನು ತರಬೇತಿಯಿಂದ ತೆಗೆದು ಮತ್ತೆ ಬರೀ ಬೆಲೆ ಬರೆಯುವವಳನ್ನಾಗಿ ಮಾಡಿದ ಆದೇಶವೂ ಹೋಯಿತು.

ಆಮೇಲೆ ಆದದ್ದೆಲ್ಲ ಪೇಪರಿನಲ್ಲಿ ಬಂತು. ಮಂತ್ರಿಗಳು ಇದು ಹೊರದೇಶಗಳ ಕುತಂತ್ರ ಎಂದರು. ಬಂದರಿನಲ್ಲಿ ಈರುಳ್ಳಿ ಹಡಗು ಹತ್ತುವುದು ನಿಂತಿತು. ಕೇಂದ್ರ ಬ್ಯಾಂಕು ಬಡ್ಡಿಯನ್ನು ಇಳಿಸುವುದು ಹಾಗಿರಲಿ, ಒಮ್ಮೆಲೇ ಜಿಗಿಸಿತು. ಅತ್ತೆ ಸರಿಯಾದ ದಿನ ನೋಡಿ ಬ್ಯಾಂಕಿಗೆ ಹೋಗಿ, ಹೊಸ ದರಕ್ಕೆ ಐದು ವರ್ಷ ಠೇವಣಿ ಇಟ್ಟು ಬಂದರು. ಬಾಡಿಗೆ, ಔಷಧ ಕಳೆದು ಸಿನಿಮಾಕ್ಕೂ ಮಿಗುವಷ್ಟು ಬಡ್ಡಿ. ಬೆಲೆಯಕ್ಕನ ಮೊಬೈಲಿಗೂ ಬ್ಯಾಂಕಿನ ಸಂದೇಶ ಬಂತು, ಹೊಸ ಕಂತು ಎಷ್ಟೆಂದು. ಅವಳು ಅದನ್ನು ಎರಡು ಸಲ ಓದಿ ಫೋನನ್ನು ಮಗುಚಿಟ್ಟಳು. ತಿಂಗಳ ಕೊನೆಯ ವಾರಕ್ಕೆ ಇನ್ನು ಏನು ಮಾಡಬೇಕೋ ತಿಳಿಯದು. ಆದರೂ ಎರಡು ಬೀದಿಯ ಅಂತರ ಉಳಿಯಿತಲ್ಲ ಎಂದು ಎದೆ ಹಗುರವಾಗಿತ್ತು.

ಭಾನುವಾರ ಬೆಳಿಗ್ಗೆ ಕೆಳಗೆ ಟೆಂಪೊ ನಿಂತ ಸದ್ದಾಯಿತು. ಬೆಲೆಯಕ್ಕ ಕಿಟಕಿಯಿಂದ ಬಗ್ಗಿ ನೋಡಿದರೆ ಅತ್ತೆಯ ಮಂಚ ನಾಲ್ಕು ಕಾಲು ಮೇಲೆ ಮಾಡಿಕೊಂಡು ಮಲಗಿತ್ತು. ಪಕ್ಕದಲ್ಲಿ ಟ್ರಂಕು. ಅತ್ತೆ ಡ್ರೈವರನ ಜೊತೆ ಬಾಡಿಗೆಯ ವಿಷಯವಾಗಿ ಉತ್ಸಾಹದಿಂದ ಜಗಳವಾಡುತ್ತಿದ್ದರು.

ಅವಳು ಮೂರು ಮಹಡಿಯನ್ನು ಒಂದೇ ಉಸಿರಿಗೆ ಇಳಿದಳು. "ಅತ್ತೆ! ಬಡ್ಡಿ ಏರಿದೆಯಲ್ಲ! ಮತ್ಯಾಕೆ?"

"ನಂದೂ ಏರಿದೆ, ನಿಂದೂ ಏರಿದೆ," ಎಂದರು ಅತ್ತೆ. "ಕಂತು ಎಷ್ಟಾಯ್ತು ಅಂತ ನನ್ನ ಮಗ ಹೇಳ್ದ. ಬೆಲೆ ಬರೆದಿದ್ದು ಯಾರು ಅಂತಾನೂ ಹೇಳ್ದ."

ಬೆಲೆಯಕ್ಕ ಗಂಡನಿಗಾಗಿ ಸುತ್ತ ನೋಡಿದಳು. ಅವನು ಟೆಂಪೊದ ಹಿಂದೆ ನಿಂತು ಮಂಚದ ಹಗ್ಗ ಬಿಚ್ಚುವುದರಲ್ಲಿ ಮಗ್ನನಾಗಿದ್ದ.

"ಅತ್ತೆ, ನಾನು..."

"ಬೈದಿದ್ದು ವಾಪಸ್ ತಗೊಳ್ಳಲ್ಲ. ಬೈಸ್ಕೊಳ್ಳೋ ಕೆಲಸಾನೇ ನೀನು ಮಾಡಿದ್ದು." ಅತ್ತೆ ಟ್ರಂಕಿನ ಮೇಲೆ ಕೂತರು. "ಗಿರಣಿಯವನಿಗೆ ಕೊಡ್ತಿದ್ದ ಬಾಡಿಗೆ ಇನ್ಮೇಲೆ ನಿಮಗೆ. ಕಂತಿಗೆ ಹಾಕ್ಕೊಳಿ."

"ಹೋದ ತಿಂಗಳೇ ಬರ್ತೀನಿ ಅಂದಿದ್ರಲ್ಲ. ಅದೇ ಬರೋದಾಗಿದ್ರೆ ನಾನು ಇಷ್ಟೆಲ್ಲ ಒದ್ದಾಡಿದ್ದು ಯಾತಕ್ಕೆ?" ಬೆಲೆಯಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಅತ್ತೆ ಟ್ರಂಕಿನಿಂದ ಎದ್ದು ನಿಂತರು.

"ಹೋದ ತಿಂಗಳು ಬಂದಿದ್ರೆ ನಿಮ್ಮ ಹಂಗಿಗೆ ಬರ್ತಿದ್ದೆ. ಸಾರಿಗೆ ಉಪ್ಪು ಜಾಸ್ತಿ ಆದ್ರೂ ತಲೆ ತಗ್ಗಿಸ್ಕೊಂಡು ತಿಂದು ಏಳ್ತಿದ್ದೆ. ಈಗ ನನ್ನ ದುಡ್ಡಲ್ಲಿ ಬರ್ತಿದೀನಿ. ಉಪ್ಪು ಜಾಸ್ತಿ ಆದ್ರೆ ಹೇಳ್ತೀನಿ."

ಬೆಲೆಯಕ್ಕ ಬಗ್ಗಿ ಟ್ರಂಕಿನ ಒಂದು ಹಿಡಿ ಹಿಡಿದಳು. "ಹೇಳಿ ಅತ್ತೆ," ಎಂದಳು. "ಜೋರಾಗೇ ಹೇಳಿ."